ಮನೆಯಲ್ಲೇ 6502 ಕಂಪ್ಯೂಟರ್: ಯಾವ ಚಿಪ್ ತರಲಿ?

ಪ್ರಶ್ನೆ: ಬ್ರೆಡ್‌ಬೋರ್ಡ್ (ಬೆಸುಗೆ ಇಲ್ಲದೆ ಚಿಪ್, ತಂತಿ ಚುಚ್ಚುವ ಹಲಗೆ) ಮೇಲೆ 6502 ಪ್ರೊಸೆಸರ್‌ನ ಕಂಪ್ಯೂಟರ್ ಕಟ್ಟಬೇಕು ಅಂತ ಆಸೆ. ಎಸ್.ಪಿ. ರೋಡಿನಲ್ಲಿ 74ಎಲ್‌ಎಸ್ ಲಾಜಿಕ್ ಚಿಪ್‌ಗಳು ಸಿಕ್ಕಿವೆ. ಪ್ರೊಸೆಸರ್ ಹಳೆಯದನ್ನೇ ಹುಡುಕಲಾ, ಹೊಸದು ತರಿಸಲಾ? ಮೆಮೊರಿ ಯಾವುದು ಹಾಕಲಿ?
– ಓದುಗರೊಬ್ಬರು, ಬೆಂಗಳೂರು

ಉತ್ತರ: ಹೊಸದನ್ನೇ ತರಿಸಿ. 6502 ಬಂದಿದ್ದು 1975ರಲ್ಲಿ. ಈಗ ಹಳೆಯದು ಅಂತ ಮಾರುವುದರಲ್ಲಿ ಮೇಲಿನ ಅಕ್ಷರ ಉಜ್ಜಿ ಬೇರೆ ನಂಬರ್ ಹಾಕಿದ ಚಿಪ್‌ಗಳೂ ಇರುತ್ತವೆ. ವೆಸ್ಟರ್ನ್ ಡಿಸೈನ್ ಸೆಂಟರ್‌ನ ಡಬ್ಲ್ಯು65ಸಿ02ಎಸ್ ಅಂದರೆ 6502ರ ಹೊಸ ರೂಪ; ಇದರಲ್ಲಿ ಕ್ಲಾಕ್ (ಪ್ರೊಸೆಸರ್‌ಗೆ ತಾಳ ಹಾಕುವ ಸಿಗ್ನಲ್) ಪೂರ್ತಿ ನಿಲ್ಲಿಸಿ, ಬಟನ್ ಒತ್ತುತ್ತಾ ಒಂದೊಂದೇ ಹೆಜ್ಜೆ ಓಡಿಸಬಹುದು. ಹಳೆಯದರಲ್ಲಿ ಅದು ಆಗಲ್ಲ. ಕಲಿಯುವವರಿಗೆ ಇದಕ್ಕಿಂತ ದೊಡ್ಡ ಅನುಕೂಲ ಇಲ್ಲ.

ಆದರೆ ಹಳೆಯ ಸರ್ಕ್ಯೂಟ್ ಚಿತ್ರವನ್ನು ಹಾಗೇ ನಕಲು ಮಾಡಬೇಡಿ. ಹಳೆಯ ಚಿಪ್‌ನ 1ನೇ ಪಿನ್ ಗ್ರೌಂಡ್. ಹೊಸದರಲ್ಲಿ ಅದೇ ಪಿನ್ ಔಟ್‌ಪುಟ್, ಅದನ್ನು ಖಾಲಿ ಬಿಡಿ. ಹೊಸ ಚಿಪ್‌ನ ಐಆರ್‌ಕ್ಯೂ (IRQ), ಎನ್‌ಎಂಐ (NMI), ರೆಡಿ (RDY), ಬಿಇ (BE) ಪಿನ್‌ಗಳನ್ನು ಮಾತ್ರ ಸುಮ್ನೆ ಬಿಡಬಾರದು, ರೆಸಿಸ್ಟರ್ ಮೂಲಕ 5 ವೋಲ್ಟಿಗೆ ಕಟ್ಟಿ.

ನಿಮ್ಮ ಎಲ್‌ಎಸ್ ಚಿಪ್‌ಗಳು ವ್ಯರ್ಥ ಅಲ್ಲ, ಜಾಗ ನೋಡಿ ಬಳಸಬೇಕು ಅಷ್ಟೆ. ಎಲ್‌ಎಸ್ ಚಿಪ್ 'ಹೈ' (ಅಂದರೆ 1) ಅಂತ ಕೊಡುವಾಗ 2.7 ವೋಲ್ಟಿಗಷ್ಟೇ ಗ್ಯಾರಂಟಿ, ಹೊಸ ಪ್ರೊಸೆಸರ್ ಕೇಳುವುದು 3.5 ವೋಲ್ಟ್. ಹಾಗಾಗಿ ಕ್ಲಾಕ್, ರೀಸೆಟ್ ಸಿಗ್ನಲ್ ಕೊಡುವ ಕಡೆ ಎಲ್‌ಎಸ್ ಬದಲು ಅದೇ ಕೆಲಸದ 74ಎಚ್‌ಸಿ ಚಿಪ್ ಹಾಕಿ. ಇಲ್ಲದಿದ್ದರೆ ಇವತ್ತು ಓಡಿದ್ದು ನಾಳೆ ಓಡಲ್ಲ, ಕಾರಣವೂ ತಿಳಿಯಲ್ಲ. ಮೆಮೊರಿ ಆಯ್ಕೆ ಮಾಡುವ ಗೇಟ್‌ಗೆ ಎಲ್‌ಎಸ್ ಸಾಕು.

ಮೆಮೊರಿಗೆ 32 ಕೆಬಿಯ 62256 ರ‍್ಯಾಮ್, 32 ಕೆಬಿಯ 28ಸಿ256 ರಾಮ್ (ROM, ಪ್ರೋಗ್ರಾಂ ಇಡುವ, ಕರೆಂಟ್ ಹೋದರೂ ಅಳಿಯದ ಮೆಮೊರಿ). ರೀಸೆಟ್ ಆದಾಗ ಪ್ರೊಸೆಸರ್ ಎಫ್‌ಎಫ್‌ಎಫ್‌ಸಿ (FFFC, 64 ಕೆಬಿ ವಿಳಾಸಗಳ ತುದಿಯಲ್ಲಿರುವ) ವಿಳಾಸವನ್ನು ಓದುವುದರಿಂದ ರಾಮ್ ವಿಳಾಸಗಳ ಮೇಲಿನ ಅರ್ಧಕ್ಕೇ ಬರಬೇಕು. 150 ನ್ಯಾನೊಸೆಕೆಂಡಿನಲ್ಲಿ ಡೇಟಾ ಕೊಡುವ ರಾಮ್ 1 ಮೆಗಾಹರ್ಟ್ಸ್‌ಗೆ ಧಾರಾಳ ಸಾಕು, ದುಬಾರಿಯದಕ್ಕೆ ದುಡ್ಡು ಸುರಿಯಬೇಡಿ.

ಮೆಮೊರಿ ಹಾಕುವ ಮುಂಚೆ ಒಂದು ಪರೀಕ್ಷೆ ಮಾಡಲೇಬೇಕು. ಡೇಟಾದ ಎಂಟು ಗೆರೆಗಳಲ್ಲಿ ರೆಸಿಸ್ಟರ್‌ಗಳಿಂದ ಇಎ (EA) ಸಂಖ್ಯೆ, ಅಂದರೆ 'ಏನೂ ಮಾಡಬೇಡ' ಅನ್ನುವ ಆದೇಶವನ್ನು ಕಟ್ಟಿ, ವಿಳಾಸದ ಕೊನೆಯ ಗೆರೆಯಾದ ಎ15 ಪಿನ್‌ಗೆ ರೆಸಿಸ್ಟರ್ ಜೊತೆ ಎಲ್‌ಇಡಿ ಹಾಕಿ. 1 ಮೆಗಾಹರ್ಟ್ಸ್‌ನಲ್ಲಿ ಅದು ಸೆಕೆಂಡಿಗೆ 7-8 ಸಲ ಮಿನುಗಬೇಕು. ಮಿನುಗದಿದ್ದರೆ ಮೊದಲು ಕ್ಲಾಕ್, ಆಮೇಲೆ ರೀಸೆಟ್, ಆಮೇಲೆ ಪ್ರತಿ ಚಿಪ್‌ನ ಪಕ್ಕ 0.1 ಮೈಕ್ರೊಫ್ಯಾರಡ್ ಕೆಪಾಸಿಟರ್ ಇದೆಯಾ ನೋಡಿ.