ಓಸಾಫ್ ಏಪ್ರಿಲ್‌ನಲ್ಲಿ ಮುಂದಿದ್ದು ಜೂನ್‌ನಲ್ಲಿ ಸೋತಿದ್ದು ಯಾಕೆ?

2017ರಲ್ಲಿ ಅಮೆರಿಕ ಸಂಸತ್ತಿನ ಕೆಳಮನೆಗೆ ಜಾರ್ಜಿಯಾ ರಾಜ್ಯದ 6ನೇ ಕ್ಷೇತ್ರದಲ್ಲಿ ನಡೆದ ಉಪಚುನಾವಣೆಯಲ್ಲಿ ಡೆಮಾಕ್ರಟಿಕ್ ಪಕ್ಷದ ಜಾನ್ ಓಸಾಫ್ ಮೊದಲ ಸ್ಥಾನ ಪಡೆದರೂ ಯಾಕೆ ಸೋತರು ಅಂತ ಕೇಳಿದ್ದೀರಿ. ನಮ್ಮಲ್ಲಾದರೆ ಒಂದು ಮತ ಜಾಸ್ತಿ ಬಂದರೂ ಸಾಕು, ಗೆದ್ದ ಹಾಗೆ. ಜಾರ್ಜಿಯಾದಲ್ಲಿ ಹಾಗಲ್ಲ, ಅರ್ಧಕ್ಕಿಂತ ಹೆಚ್ಚು ಮತ ಬೇಕು.

ಏಪ್ರಿಲ್ 18ರ ಮೊದಲ ಸುತ್ತಿನಲ್ಲಿ ಎಲ್ಲ ಪಕ್ಷದವರೂ ಒಂದೇ ಮತಪತ್ರದಲ್ಲಿದ್ದರು, ಒಟ್ಟು 18 ಜನ. ರಿಪಬ್ಲಿಕನ್ ಮತ ಹಂಚಿಹೋಯಿತು. ಓಸಾಫ್‌ಗೆ 48.1%, ಎರಡನೇ ಸ್ಥಾನದ ರಿಪಬ್ಲಿಕನ್ ಕ್ಯಾರೆನ್ ಹ್ಯಾಂಡೆಲ್‌ಗೆ 20%ಕ್ಕೂ ಸ್ವಲ್ಪ ಕಡಿಮೆ. ಜೂನ್ 20ರ ಎರಡನೇ ಸುತ್ತಿನಲ್ಲಿ ಇಬ್ಬರೇ ಉಳಿದರು. ಚದುರಿದ್ದ ರಿಪಬ್ಲಿಕನ್ನರು ಒಟ್ಟಾದರು. ಹ್ಯಾಂಡೆಲ್‌ಗೆ 51.8%, ಓಸಾಫ್‌ಗೆ 48.2%. ಈ ಅಂಕಿ ನೋಡಿ: ಎರಡು ತಿಂಗಳು ಮನೆಮನೆ ತಿರುಗಿದರೂ ಅವರ ಪಾಲು ಅಲ್ಲಾಡಲೇ ಇಲ್ಲ! ನನಗೆ ಈಗಲೂ ಬೇಸರವಾಗುವುದು ಇದಕ್ಕೇ.

ದುಡ್ಡಿಗೇನೂ ಕೊರತೆ ಇರಲಿಲ್ಲ. ಎರಡೂ ಕಡೆ ಸೇರಿ 5 ಕೋಟಿ ಡಾಲರ್‌ಗೂ ಜಾಸ್ತಿ ಖರ್ಚಾಯಿತು. ಆದರೆ ಓಸಾಫ್ ಕ್ಷೇತ್ರದ ಗಡಿಯಾಚೆ ವಾಸವಿದ್ದರು. ಕಾನೂನಿನಲ್ಲಿ ಅದು ತಪ್ಪಲ್ಲ, ಅದೇ ರಾಜ್ಯದಲ್ಲಿದ್ದರೆ ಸಾಕು. ಆದರೂ "ಹೊರಗಿನವನು" ಅನ್ನೋ ಮಾತು ಪ್ರಚಾರದುದ್ದಕ್ಕೂ ಕಾಡಿತು.

ಹಾಗಂತ ಅವರು ಕೆಟ್ಟದಾಗಿ ಸೋತರು ಅನ್ನೋದನ್ನು ನಾನು ಒಪ್ಪಲ್ಲ. 2016ರಲ್ಲಿ ಇದೇ ಸೀಟನ್ನು ರಿಪಬ್ಲಿಕನ್ ಟಾಮ್ ಪ್ರೈಸ್ 20 ಪಾಯಿಂಟ್‌ಗೂ ಜಾಸ್ತಿ ಅಂತರದಲ್ಲಿ ಗೆದ್ದಿದ್ದರು. ಅವರು ಟ್ರಂಪ್ ಸಂಪುಟ ಸೇರಿದ್ದರಿಂದಲೇ ಈ ಚುನಾವಣೆ ಬಂತು. 2018ರಲ್ಲಿ ಇದೇ ಕ್ಷೇತ್ರದಲ್ಲಿ ಡೆಮಾಕ್ರಟಿಕ್ ಪಕ್ಷದ ಲೂಸಿ ಮೆಕ್‌ಬಾತ್ ಹ್ಯಾಂಡೆಲ್‌ರನ್ನು ಸೋಲಿಸಿದರು. 2021ರ ಜನವರಿಯಲ್ಲಿ ಓಸಾಫ್ ಮೇಲ್ಮನೆಯಾದ ಸೆನೆಟ್‌ಗೇ ಗೆದ್ದು ಬಂದರು, ಅದೂ ಇಂಥದ್ದೇ ಎರಡನೇ ಸುತ್ತಿನಲ್ಲಿ.