ಕತ್ತಿಯ ರಾಣಿಯ ಮುಖ: ಓದುಗರ ಪತ್ರಕ್ಕೆ ಸಂಪಾದಕರ ಉತ್ತರ

ಪ್ರಿಯ ಸೋದರಿ,

ಹೆಸರು ಹಾಕಬೇಡಿ ಎಂದು ಕೇಳಿಕೊಂಡಿದ್ದೀರಿ, ಹಾಕಿಲ್ಲ. ಉಳಿದ ಓದುಗರಿಗಾಗಿ ನಿಮ್ಮ ಪತ್ರದ ಸಾರವನ್ನಷ್ಟೇ ಹೇಳುತ್ತೇನೆ. ಬೆಂಗಳೂರಿನಲ್ಲಿ ಚಿಕ್ಕಮ್ಮನ ಮಗಳ ಮನೆಗೆ ಹೋಗಿದ್ದಾಗ ಅವಳ ಗೆಳತಿ ಭವಿಷ್ಯ ಹೇಳಲು ಬಳಸುವ ಟ್ಯಾರೋ ಎಂಬ ಇಸ್ಪೀಟಿನಂಥ ಎಲೆಗಳನ್ನು ಹರಡಿ ಒಂದನ್ನು ಎತ್ತಲು ಹೇಳಿದರು. ನಿಮ್ಮ ಕೈಗೆ ಬಂದದ್ದು ಕತ್ತಿಯ ರಾಣಿ. ಆಕೆ ಮುಖ ಸಪ್ಪಗೆ ಮಾಡಿಕೊಂಡು, ಏನೂ ಹೇಳದೆ ಎಲೆಯನ್ನು ಕಟ್ಟಿನೊಳಗೆ ಸೇರಿಸಿಬಿಟ್ಟರು. ಊರಿಗೆ ಬಂದು ಮೊಬೈಲಿನಲ್ಲಿ ಹುಡುಕಿದರೆ ಕಂಡ ಮೊದಲ ಅರ್ಥವೇ 'ವೈಧವ್ಯ'. ನಿಮ್ಮ ಯಜಮಾನರು ಲಾರಿ ಓಡಿಸುವವರು. ಅಂದಿನಿಂದ, ಅವರು ಬಾಗಿಲಲ್ಲಿ ಚಪ್ಪಲಿ ಬಿಡುವ ಸದ್ದು ಕೇಳುವ ತನಕ ನಿಮಗೆ ನಿದ್ದೆಯಿಲ್ಲ.

ಮೊದಲು ಇದನ್ನು ಹೇಳಿಬಿಡುತ್ತೇನೆ. ನಿಮ್ಮ ಯಜಮಾನರ ಆಯುಸ್ಸಿನ ವಿಷಯ ಆ ಎಲೆಗೆ ಗೊತ್ತಿಲ್ಲ. 15ನೇ ಶತಮಾನದಲ್ಲಿ ಇಟಲಿಯ ಮಿಲಾನ್, ಫೆರಾರಾ ಕಡೆಯ ಸಿರಿವಂತರು ಹೊತ್ತು ಕಳೆಯಲು ಆಡುತ್ತಿದ್ದ ಆಟದ ಎಲೆ ಅದು. ಒಟ್ಟು 78 ಎಲೆ, ಅದರಲ್ಲಿ ದರ್ಬಾರಿನವು 16: ಕೋಲು, ಬಟ್ಟಲು, ಕತ್ತಿ, ನಾಣ್ಯ ಎಂಬ ನಾಲ್ಕು ಪಂಗಡಕ್ಕೂ ಒಬ್ಬ ರಾಜ, ಒಬ್ಬ ರಾಣಿ, ಒಬ್ಬ ಕುದುರೆ ಸವಾರ, ಒಬ್ಬ ಸೇವಕ ಹುಡುಗ. (ಯುರೋಪಿನ ಎಲೆಗಳಿಗೆ ಮೂಲವಾದ ಈಜಿಪ್ಟನ್ನು ಆಳಿದ ಮಾಮ್ಲೂಕರ ಕಟ್ಟಿನಲ್ಲಿ ರಾಜ ಮತ್ತು ಅವನ ಅಧಿಕಾರಿಗಳಿದ್ದಾರೆ, ರಾಣಿ ಇಲ್ಲ. ನಮ್ಮ ದಶಾವತಾರ ಗಂಜೀಫಾ ಎಂಬ ಹಳೆಯ ಎಲೆಯಾಟದಲ್ಲೂ ರಾಜ, ಮಂತ್ರಿ ಅಷ್ಟೇ. ಹೆಂಗಸು ಬಂದು ಕುಳಿತದ್ದು ಯುರೋಪಿನಲ್ಲಿ.)

ಮುನ್ನೂರು ವರ್ಷ ಹೀಗೆ ಆಟ ನಡೆದ ಮೇಲೆ, 18ನೇ ಶತಮಾನದ ಕೊನೆಗೆ ಪ್ಯಾರಿಸ್ಸಿನಲ್ಲಿ ಇದರಿಂದ ಭವಿಷ್ಯ ಹೇಳುವುದು ಶುರುವಾಯಿತು. ಆಲಿಯೆಟ್ ಎಂಬಾತ ತನ್ನ ಹೆಸರಿನ ಅಕ್ಷರಗಳನ್ನು ತಿರುವಿ ಹಾಕಿ 'ಎಟೆಲ್ಲಾ' ಎಂದು ಕರೆದುಕೊಂಡು, ಎಲೆ ಎಲೆಗೂ ಒಂದೊಂದು ಅರ್ಥ ಹಚ್ಚಿದ. ಕತ್ತಿಯ ರಾಣಿಗೆ ಅವನು ಹಚ್ಚಿದ್ದು ವೈಧವ್ಯ. ಮುಂದೆ ಲಂಡನ್ನಿನ ಗೂಢವಿದ್ಯೆಯ ಲೇಖಕ ಆರ್ಥರ್ ಎಡ್ವರ್ಡ್ ವೇಟ್ ತಾನು ಹೊಸದಾಗಿ ಮಾಡಿಸಿದ ಕಟ್ಟಿಗೆ ವಿವರಣೆ ಬರೆಯುವಾಗ ಆ ಹಳೆಯ ಪಟ್ಟಿಯನ್ನೇ ಮುಂದುವರಿಸಿ ಶೋಕ, ಅಗಲಿಕೆ, ಬಂಜೆತನ ಎಲ್ಲವನ್ನೂ ಇವಳ ತಲೆಗೆ ಕಟ್ಟಿದ. ನೀವು ಮೊಬೈಲಿನಲ್ಲಿ ಓದಿದ್ದು ಆ ಪಟ್ಟಿಯನ್ನು.

ಈಗ ಪಟ್ಟಿಯನ್ನು ಬದಿಗಿಟ್ಟು ಚಿತ್ರ ನೋಡೋಣ. ನಿಮ್ಮ ಪತ್ರ ಬಂದ ಮೇಲೆ ವೇಟ್‌ನ ಕಟ್ಟಿನ ಆ ಎಲೆಯನ್ನು ತರಿಸಿಕೊಂಡು, ಮೇಜಿನ ಮೇಲಿಟ್ಟು ಭೂತಗನ್ನಡಿ ಹಿಡಿದು ನೋಡಿದೆ. ರಾಣಿ ಒಂದು ಮಗ್ಗುಲಾಗಿ ಕೂತಿದ್ದಾಳೆ. ಬಲಗೈಯಲ್ಲಿ ಕತ್ತಿ ನೆಟ್ಟಗೆ ನಿಂತಿದೆ, ಹಿಡಿ ಸಿಂಹಾಸನದ ತೋಳಿನ ಮೇಲೆ ಊರಿದೆ. ಬೀಸಲು ಹಿಡಿದ ಕತ್ತಿಯಲ್ಲ ಅದು. ಎಡಗೈ ಮುಂದಕ್ಕೆ ಚಾಚಿದೆ, ಮಣಿಕಟ್ಟಿನಿಂದ ಗೊಂಡೆಯೊಂದು ಇಳಿಬಿದ್ದಿದೆ. ಕಿರೀಟದ ಸುತ್ತ ಚಿಟ್ಟೆಗಳು, ಸಿಂಹಾಸನದ ಕೆತ್ತನೆಯಲ್ಲೂ ಚಿಟ್ಟೆ, ರೆಕ್ಕೆ ಮೂಡಿದ ಮಗುವಿನ ಮುಖ. ಹೊದ್ದ ಮೇಲುವಸ್ತ್ರದ ತುಂಬ ಮೋಡ. ನಿಜವಾದ ಮೋಡಗಳು ಮಾತ್ರ ಕೆಳಗೆ ರಾಶಿ ಬಿದ್ದಿವೆ, ಅವಳ ತಲೆಯಿರುವಲ್ಲಿ ಆಕಾಶ ತಿಳಿಯಾಗಿದೆ. ಮೇಲೆ ಒಂದೇ ಒಂದು ಹಕ್ಕಿ. ಈ ಸಂಪ್ರದಾಯದಲ್ಲಿ ಕತ್ತಿಯೆಂದರೆ ಗಾಳಿ, ವಿಚಾರ, ಮಾತು. ಕಡ್ಡಿ ಮುರಿದ ಹಾಗೆ ಮಾತಾಡುವವಳು ಎನ್ನುತ್ತೇವಲ್ಲ, ಅವಳೇ ಇವಳು. ಈ ಮುಖಕ್ಕೆ ದುಃಖದ ಪರಿಚಯವಿದೆ ಎಂದು ವೇಟ್ ಹೇಳಿದ್ದು ಸರಿಯೇ. ಆದರೆ ದುಃಖವನ್ನು ಕಂಡವಳು ದುಃಖವನ್ನು ತರುವವಳಲ್ಲ.

ಈ ಚಿತ್ರ ಬರೆದವಳು ಪಮೇಲಾ ಕೋಲ್ಮನ್ ಸ್ಮಿತ್. ಲಂಡನ್ನಿನಲ್ಲಿ 1878ರಲ್ಲಿ ಹುಟ್ಟಿ, ಬಾಲ್ಯದ ಕೆಲವು ವರ್ಷ ಜಮೈಕಾದಲ್ಲಿ ಕಳೆದು, ಇಪ್ಪತ್ತೆರಡು ತುಂಬುವಷ್ಟರಲ್ಲಿ ತಾಯಿ ತಂದೆ ಇಬ್ಬರನ್ನೂ ಕಳೆದುಕೊಂಡವಳು. ಸ್ವಂತದ್ದೊಂದು ಚಿಕ್ಕ ಪತ್ರಿಕೆಯನ್ನೂ ನಡೆಸಿದಳು, 13 ಸಂಚಿಕೆಗೆ ಅದು ನಿಂತಿತು. ಪತ್ರಿಕೆ ನಡೆಸುವ ನನಗೆ ಆ 13 ಎಂಬ ಅಂಕಿ ಕಂಡರೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. 1909ರಲ್ಲಿ ವೇಟ್‌ಗಾಗಿ ಇಡೀ ಕಟ್ಟನ್ನು ಚಿತ್ರಿಸಿದಳು. ಬಹಳ ದೊಡ್ಡ ಕೆಲಸ ಮುಗಿಸಿದ್ದೇನೆ, ಸಿಕ್ಕ ಹಣ ಮಾತ್ರ ಅತಿ ಕಡಿಮೆ ಎಂದು ಆಗ ಪತ್ರವೊಂದರಲ್ಲಿ ಬರೆದಳು. ಮದುವೆಯಾಗಲಿಲ್ಲ. 1951ರಲ್ಲಿ ಕಾರ್ನ್‌ವಾಲ್‌ನ ಬ್ಯೂಡ್ ಎಂಬ ಊರಿನಲ್ಲಿ ಸಾಲದಲ್ಲೇ ತೀರಿಕೊಂಡಳು. ಒಂಟಿ ಹೆಣ್ಣು ಹೇಗೆ ಕೂರುತ್ತಾಳೆ, ಹೇಗೆ ನೋಡುತ್ತಾಳೆ ಎಂಬುದು ಇವಳಿಗೆ ಯಾರಿಂದಲೂ ಕೇಳಿ ತಿಳಿಯಬೇಕಾದ ಸಂಗತಿಯಾಗಿರಲಿಲ್ಲ.

ಇನ್ನೊಂದು ಮಾತು, ಇದನ್ನು ಬರೆಯಲು ನನಗೆ ಕಷ್ಟವಾಗುತ್ತಿದೆ. ನಿಮ್ಮ ಭಯ ಆ ಎಲೆಯಿಂದ ಬಂದದ್ದಲ್ಲ, ನಮ್ಮ ಮನೆಗಳಿಂದ ಬಂದದ್ದು. ನಮ್ಮ ದೊಡ್ಡಮ್ಮ ಮೂವತ್ತೆರಡಕ್ಕೇ ದೊಡ್ಡಪ್ಪನನ್ನು ಕಳೆದುಕೊಂಡವರು. ಹೊರಟವರಿಗೆ ಅವರು ಎದುರಾದರೆ ಒಳಗೆ ಬಂದು, ನೀರು ಕುಡಿದು, ಮತ್ತೆ ಹೊರಡುತ್ತಿದ್ದರು. ಎಸ್ಸೆಸ್ಸೆಲ್ಸಿ ಪರೀಕ್ಷೆಯ ದಿನ ನಾನೂ ಹಾಗೆ ಮಾಡಿದೆ. ನೀರಿನ ಲೋಟವನ್ನು ಕೊಟ್ಟವರು ಅವರೇ. ಅದೇ ದೊಡ್ಡಮ್ಮ, ಜಮೀನಿನ ಕಾಗದ ತಂದು "ಇಲ್ಲೊಂದು ಹೆಬ್ಬೆಟ್ಟು ಒತ್ತಿಬಿಡಿ ಅತ್ತಿಗೆ" ಎಂದ ಸಂಬಂಧಿಕನ ಮುಂದೆ ಎಡಗೈ ಚಾಚಿ, "ಕೂತ್ಕೊಳಪ್ಪ. ಮೊದಲಿಂದ ಓದು, ಒಂದಕ್ಷರ ಬಿಡಬೇಡ" ಎಂದರು. ಅವನು ಎರಡನೇ ಹಾಳೆಗೆ ಬರುವಷ್ಟರಲ್ಲಿ ಬೆವೆತಿದ್ದ. ಜಮೀನು ಉಳಿಯಿತು. ಭೂತಗನ್ನಡಿಯಲ್ಲಿ ಆ ಚಾಚಿದ ಕೈ ಕಂಡಾಗ ನನಗೆ ನೆನಪಾದದ್ದು ಆ ಮಧ್ಯಾಹ್ನ.

ಯಜಮಾನರು ರಾತ್ರಿ ಲಾರಿ ಓಡಿಸುತ್ತಾರೆಂದರೆ ನಿದ್ದೆ ಸಾಕಷ್ಟು ಆಗುತ್ತಿದೆಯೇ ಎಂದು ಅವರನ್ನೇ ಕೇಳಿ, ಆ ಚಿಂತೆಗೆ ಅರ್ಥವಿದೆ. ನಿಮಗೆ ಏಳು ವರ್ಷದ ಮಗಳಿದ್ದಾಳೆ ಎಂದು ಬರೆದಿದ್ದೀರಿ. ಇದರ ಜತೆ ಆ ಎಲೆಯನ್ನು ಅಂಚೆಯಲ್ಲಿ ಕಳಿಸಿದ್ದೇನೆ. ಅವಳ ಕೈಗೆ ಕೊಡಿ, ಸಿಂಹಾಸನದಲ್ಲಿ ಚಿಟ್ಟೆಗಳು ಎಲ್ಲೆಲ್ಲಿವೆ ಎಂದು ಹುಡುಕಲಿ.

ಇತಿ,
ಸಂಪಾದಕ