ಕೆನ್ ಸಾರೊ ವಿವಾ ಮತ್ತು ರೇಡಿಯೊ

ನಮಸ್ಕಾರ. ನೈಜೀರಿಯಾದ ಕೆನ್ ಸಾರೊ ವಿವಾ ಬರೀ ಹೋರಾಟಗಾರರಾ, ರೇಡಿಯೊಗೂ ಬರೆದಿದ್ದರಾ ಎಂದು ಕೇಳಿದ್ದೀರಿ. ಖಂಡಿತ ಬರೆದಿದ್ದರು. ಅವರ 'ದಿ ಟ್ರಾನ್ಸಿಸ್ಟರ್ ರೇಡಿಯೊ' ಎಂಬ ರೇಡಿಯೊ ನಾಟಕ 1972ರ ಸುಮಾರಿಗೆ ಬಿಬಿಸಿಯಲ್ಲಿ ಪ್ರಸಾರವಾಯಿತು. ಲಾಗೋಸ್‌ನಲ್ಲಿ ಕೈಯಲ್ಲಿ ಕಾಸಿಲ್ಲದೆ ಶ್ರೀಮಂತನಾಗುವ ಕನಸು ಕಾಣುವ ಬಾಸಿಯ ಕಥೆ ಅದು. ಅದೇ ಬಾಸಿ 1980ರ ದಶಕದ ಮಧ್ಯದಲ್ಲಿ ಟಿವಿ ಧಾರಾವಾಹಿಯಾಗಿ ಮನೆಮನೆಗೂ ಬಂದ. ಸುಲಭ ದುಡ್ಡಿನ ಆಸೆಯನ್ನು ನಗಿಸುತ್ತಲೇ ತೋರಿಸಿದ್ದು ಅವರ ದೊಡ್ಡ ಶಕ್ತಿ ಅಂತ ನನಗನ್ನಿಸುತ್ತದೆ. ಜನ ಅವರನ್ನು ನೆನೆಯುವುದು ತಮ್ಮ ಒಗೋನಿ ಜನಾಂಗಕ್ಕಾಗಿ ಅವರು ನಡೆಸಿದ ಹೋರಾಟದಿಂದಲೇ ಜಾಸ್ತಿ, ಅಲ್ವಾ? ತೈಲ ಕಂಪನಿಗಳಿಂದ ಹಾಳಾದ ತಮ್ಮ ನೆಲಕ್ಕಾಗಿ ಅವರು ದನಿ ಎತ್ತಿದರು. 1995ರ ನವೆಂಬರ್ 10ರಂದು ಮಿಲಿಟರಿ ಸರ್ಕಾರ ಅವರನ್ನೂ ಇನ್ನೂ ಎಂಟು ಜನರನ್ನೂ ಗಲ್ಲಿಗೇರಿಸಿತು. ಆ ರೇಡಿಯೊ ನಾಟಕವನ್ನು ಮೊದಲು ಓದಿ. ಅವರ ನಗು ಅಲ್ಲಿದೆ.